ಹೊಟ್ಟು ತೂರಿದವನು

"ಗುರುಗಳೇ, ನೋಯಿಸಿದವನೇ ಮತ್ತೆ ಮತ್ತೆ ಹುಡುಕಿಕೊಂಡು ಬಂದರೆ ಮನಸ್ಸನ್ನು ಹೇಗೆ ಕಾಯ್ದುಕೊಳ್ಳಬೇಕು?" ಎಂದು ಅಡಿವೆಪ್ಪ ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಹಳೆಯ ಗೆಳೆಯ ಮಲ್ಲೇಶಿ ಹಿಂದೊಮ್ಮೆ ನಾಲ್ಕು ಜನರೆದುರು ಅವನನ್ನು ಸುಳ್ಳ ಎಂದಿದ್ದ. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಈಗ ಅದೇ ಮಲ್ಲೇಶಿ ಮಠದ ಬಾಗಿಲಿಗೆ ಬರತೊಡಗಿದ್ದ. ಮೊದಲ ಸಲ ಅಡಿವೆಪ್ಪ ಪೂಜೆಯಲ್ಲಿದ್ದೇನೆಂದು ಹೇಳಿ ಕಳಿಸಿದ. ಎರಡನೆಯ ಸಲ ಮೌನವ್ರತವೆಂದ. ಇದು ಮೂರನೆಯ ಸಲ. ಮಲ್ಲೇಶಿ ಬೆಳಗಿನಿಂದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ, ಅಡಿವೆಪ್ಪನಿಗೆ ಹೇಳಲು ನೆಪ ಉಳಿದಿರಲಿಲ್ಲ.

ರೈತನ ಕತೆಯೋ ವರ್ತಕನ ಕತೆಯೋ ಬಂದೀತೆಂದು ಅವನು ಕಾಲು ಮಡಚಿ ಕೂತ. ಗುರುಗಳು ತೆಗೆದದ್ದು ಕಂಪ್ಯೂಟರಿನಲ್ಲಿ ಆಡುವ ಯುದ್ಧವಿಮಾನದ ಆಟದ ಕತೆ. ಅಡಿವೆಪ್ಪ ಬಂದ ನಗುವನ್ನು ನುಂಗಿಕೊಂಡ.

ಒಂದು ಊರಿನಲ್ಲಿ ಇಬ್ಬರು ಗೆಳೆಯರಿದ್ದರು. ಕಂಪ್ಯೂಟರ್ ಸೆಂಟರಿನಲ್ಲಿ ಒಂದೇ ಬೆಂಚಿನ ಮೇಲೆ ಅಂಟಿಕೊಂಡು ಕೂತು ಇಬ್ಬರೂ ಸೇರಿ ಒಂದೇ ವಿಮಾನ ಹಾರಿಸುತ್ತಿದ್ದರು. ಒಬ್ಬನ ಕೈಯಲ್ಲಿ ಜಾಯ್‌ಸ್ಟಿಕ್, ಇನ್ನೊಬ್ಬನ ಬೆರಳು ಕೀಬೋರ್ಡಿನ ಮೇಲೆ. ರೇಡಾರ್ ನೋಡಿಕೊಳ್ಳುವುದೂ ಹೊಟ್ಟು ತೂರುವುದೂ ಕೀಬೋರ್ಡಿನವನ ಕೆಲಸ. ಇದು ಕಣದಲ್ಲಿ ತೂರುವ ಹೊಟ್ಟಲ್ಲ, ವಿಮಾನದ ಹಿಂದಿನ ಡಬ್ಬಿಯಿಂದ ಉದುರಿಸುವ ಹೊಳೆಯುವ ಹಾಳೆಯ ಚೂರು. ಬೇರೆಯವರ ರೇಡಾರ್ ನಮ್ಮ ಮೇಲೆ ಬಿದ್ದರೆ ಕಿವಿಯಲ್ಲಿ ಪೀಂ ಎನ್ನುತ್ತದೆ. ಆಗ ಚೂರು ತೂರಿದರೆ ಅವರಿಗೆ ಬರೀ ಮಬ್ಬು ಕಾಣುತ್ತದೆ, ವಿಮಾನ ತಪ್ಪಿಸಿಕೊಳ್ಳುತ್ತದೆ. "ತೂರ್ಲೇನೋ?" ಎಂದು ಒಬ್ಬ ಕೇಳಬೇಕು, "ತೂರು" ಎಂದು ಇನ್ನೊಬ್ಬ ಹೇಳಬೇಕು. ಅದು ಅವರಿಬ್ಬರ ನೇಮ. ಆಟದಲ್ಲಿ ಇಬ್ಬರಿಗೂ ಸೇರಿ ಇಟ್ಟುಕೊಂಡ ಹೆಸರು ಕೆಂಪು ಗೊರವಂಕ.

ಎಂಥ ಮಧ್ಯಾಹ್ನಗಳು ಅವು, ಎಂದರು ಗುರುಗಳು. ಅವರ ಬಲಗೈ ಮುಷ್ಟಿ ಮೊಣಕಾಲಿನ ಮೇಲೆ ಮೆಲ್ಲಗೆ ಅತ್ತಿತ್ತ ವಾಲುತ್ತಿತ್ತು.

ಊರಿನಲ್ಲಿ ಪಂದ್ಯ ನಡೆದ ದಿನ ಕೀಬೋರ್ಡಿನವನಿಗೆ ಗಾಬರಿಯಾಯಿತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ, ಅವನು ಗಾಳಿ ಏಳುವ ಮೊದಲೇ ಇದ್ದಬದ್ದದ್ದನ್ನೆಲ್ಲ ತೂರಿಬಿಟ್ಟ. ನಿಜವಾದ ಕ್ಷಿಪಣಿ ಬಂದಾಗ ಡಬ್ಬಿ ಖಾಲಿ. ಸೋತರು. "ನಿನ್ನ ನಂಬಿ ಕೆಟ್ಟೆ" ಎಂದು ಜಾಯ್‌ಸ್ಟಿಕ್ ಹಿಡಿದವನು ಎಲ್ಲರೆದುರು ಕೂಗಾಡಿದ. ಗೆಳೆಯ ಎದ್ದು ಹೋದ. ಒಂದು ಆಟದ ಸೋಲಿಗೆ ಹನ್ನೊಂದು ವರ್ಷದ ಗೆಳೆತನ ಮುಗಿಯಿತು.

ವರ್ಷಗಳು ಕಳೆದವು. ಜಾಯ್‌ಸ್ಟಿಕ್ಕಿನವನು ಮನೆಯಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಮುಖ ಕಾಣದ ನೂರಾರು ಜನರ ನಡುವೆ, ತನ್ನ ಸ್ವಂತ ಹೆಸರಿನಲ್ಲಿ ಒಬ್ಬನೇ ಹಾರತೊಡಗಿದ. ರೇಡಾರ್ ಹಚ್ಚಿದರೆ ನಾವು ಇತರರನ್ನು ಹೆಸರು ಸಮೇತ ನೋಡಬಹುದು, ಆದರೆ ನಾವೆಲ್ಲಿದ್ದೇವೆಂದು ಅವರಿಗೂ ಗೊತ್ತಾಗುತ್ತದೆ. ಅದಕ್ಕೇ ಅವನು ಆರಿಸಿಯೇ ಇಡುತ್ತಿದ್ದ. ಪೀಂ ಎಂದರೆ ಸಾಕು, ಹೊಟ್ಟು ತೂರಿ ಪರಾರಿ. ಅವನನ್ನು ಹೊಡೆದು ಕೆಡವಿದವರೇ ಇರಲಿಲ್ಲ, ಅದೇ ಅವನ ಹೆಮ್ಮೆ. ಆದರೂ ತೂರುವಾಗಲೆಲ್ಲ, ತೂರ್ಲೇನೋ ಎಂದು ಕೇಳುವ ದನಿಗಾಗಿ ಪಕ್ಕಕ್ಕೆ ತಿರುಗುತ್ತಿದ್ದ.

ಒಂದು ಭಾನುವಾರ ಪೀಂ ಎಂದಿತು. ತೂರಿದ, ಓಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು. ಮತ್ತೆ ತೂರಿದ. ಮೂರನೆಯ ಸಲವೂ ತೂರಿದ, ಡಬ್ಬಿ ಬರಿದಾಯಿತು. ಬೆನ್ನು ಹತ್ತಿದವನು ಇಷ್ಟು ಹೊತ್ತು ಒಂದು ಗುಂಡನ್ನೂ ಹಾರಿಸಿಲ್ಲವೆಂದು ಆಗ ಅವನಿಗೆ ಹೊಳೆಯಿತು. ತಿರುಗಿ, ರೇಡಾರ್ ಹಚ್ಚಿದ. ತೆರೆಯ ಅಂಚಿನಲ್ಲಿ ಒಂದು ಚುಕ್ಕೆ ಮರಳಿ ಹೋಗುತ್ತಿತ್ತು. ಅದರ ಕೆಳಗೆ ಕೆಂಪು ಗೊರವಂಕ ಎಂಬ ಹೆಸರಿತ್ತು. ನೋಡನೋಡುತ್ತಿದ್ದಂತೆ ಚುಕ್ಕೆ ಆರಿಹೋಯಿತು.

ಬಂದವನು ಹೊಡೆಯಲು ಬಂದನೋ ಹುಡುಕಿಕೊಂಡು ಬಂದನೋ ಎಂದು ಆ ಸದ್ದು ಹೇಳುವುದಿಲ್ಲ. ಅಂದಿನಿಂದ ಅವನು ಪ್ರತಿ ಭಾನುವಾರ ರೇಡಾರ್ ಹಚ್ಚಿಕೊಂಡೇ ಹಾರಿದ. ಪೀಂ ಎಂದರೂ ಹೊಟ್ಟು ತೂರಲಿಲ್ಲ. ಕಂಡಕಂಡವರೆಲ್ಲ ಅವನನ್ನು ಹೊಡೆದು ಕೆಡವಿದರು. ಅವನು ಮತ್ತೆ ಹಾರಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಆ ಗೆಳೆಯ ಸಿಕ್ಕನೇ, ಗುರುಗಳೇ?"

ಗುರುಗಳು ಬಾಗಿಲ ಕಡೆ ನೋಡಿದರು.

"ನಿನ್ನವನು ಮೂರನೆಯ ಸಲ ಬಂದು ಕಟ್ಟೆಯ ಮೇಲೆ ಕೂತಿದ್ದಾನೆ, ನನ್ನವನು ನಾಲ್ಕನೆಯ ಸಲ ಬರಲಿಲ್ಲ."