ಎಲ್ಲಿಗೆ ಎಂದು ಕೇಳದ ಮನೆ

ಎರಡು ಸಾವಿರದ ಹದಿನಾರನೆಯ ಇಸವಿ, ಮಾರ್ಚ್ ಹದಿನೇಳು, ಗುರುವಾರ. ಗಾಳಿಯಿಲ್ಲ, ಮೋಡವಿಲ್ಲ, ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಏರಿತ್ತು.

"ಗುರುಗಳೇ, ಸುಮ್ಮನೆ ಮಲಗಿರುವವರನ್ನೂ ಕೇಳಲೇಬೇಕೆ?" ಎಂದಳು ಇಂದುಮತಿ.

ಅವಳು ಮಠದ ಧರ್ಮಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಆರು ತಿಂಗಳಿಂದ ಕೆಲಸ ಮಾಡುತ್ತಿದ್ದ ಕಿರಿಯ ವೈದ್ಯೆ. ಕೇಳಿಸಿಕೊಂಡವರು ಹಿರಿಯ ವೈದ್ಯ ಪಂಪಾಪತಿ. ಎರಡು ತಲೆಮಾರಿನ ವೈದ್ಯರಿಗೆ ಕೈ ಹಿಡಿದು ಕಲಿಸಿದವರು. ಆಸ್ಪತ್ರೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ; ಎಲ್ಲರಿಗೂ ಅವರು ಗುರುಗಳೇ.

ಅವಳು ಕೇಳಿದ್ದು ಗುರುಗಳೇ ಮಾಡಿದ ಒಂದು ಕಟ್ಟಳೆಯ ವಿಷಯ. ಅರವತ್ತೈದು ದಾಟಿದವರು ಯಾರೇ ಬರಲಿ, ಏನೇ ಆಗಿ ಬರಲಿ, ಅವರಿಂದ ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಬೇಕು. ಆಮೇಲೆ ಜೊತೆಗೆ ಬಂದವರನ್ನು ಬೇರೆ ಕರೆದು, "ಇವರು ಎಂದಿನಂತೆ ಇದ್ದಾರೆಯೇ?" ಎಂದು ವಿಚಾರಿಸಬೇಕು. ರೋಗಿ ತಡವರಿಸಿದರೆ, ಅಥವಾ ಮನೆಯವರು ಅನುಮಾನಿಸಿದರೆ, ಕಾರಣ ಸಿಗುವ ತನಕ ಮನೆಗೆ ಕಳಿಸುವಂತಿಲ್ಲ. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷದಲ್ಲಿ ಇಂದುಮತಿ ಬೈಸಿಕೊಳ್ಳದ ದಿನವಿರಲಿಲ್ಲ.

ಅಂದು ಬೆಳಿಗ್ಗೆ ಒಬ್ಬ ನಿವೃತ್ತ ತಹಶೀಲ್ದಾರರು ಮುಂಗೈ ಕುಯ್ದುಕೊಂಡು ಬಂದಿದ್ದರು. "ಕೈಗೆ ಹೊಲಿಗೆ ಹಾಕು ತಾಯಿ. ನನಗೆ ಅಕ್ಷರಾಭ್ಯಾಸ ಆಗಿ ಎಪ್ಪತ್ತು ವರ್ಷ ಆಯ್ತು" ಎಂದರು. ಅವರ ಮಗಳು, "ನಮ್ಮಪ್ಪಗೆ ತಲೆ ಕೆಟ್ಟದ ಅಂತ ಮಾಡೀರೇನ್ರಿ?" ಎಂದು ಜಗಳಕ್ಕೇ ನಿಂತಳು. ಕೊನೆಗೆ ತಹಶೀಲ್ದಾರರು ಒಂದೇ ಉಸಿರಿಗೆ ಶನಿವಾರದಿಂದ ಭಾನುವಾರಕ್ಕೆ ಇಳಿದು, "ಸಾಕೋ, ಅರವತ್ತು ಸಂವತ್ಸರಾನೂ ಹಿಂದಿನಿಂದ ಒಪ್ಪಿಸಲೋ?" ಎಂದು ಕೇಳಿದರು. ದಾದಿಯರು ನಕ್ಕರು. ಇಂದುಮತಿಗೆ ನಗು ಬರಲಿಲ್ಲ.

"ಸನ್ನಿ ಹಿಡಿದವರು ತಾವಾಗಿಯೇ ಗೊತ್ತಾಗುತ್ತಾರೆ, ಗುರುಗಳೇ. ಕೂಗುತ್ತಾರೆ, ಸೂಜಿ ಕಿತ್ತೆಸೆಯುತ್ತಾರೆ. ಅವರನ್ನು ನಾನು ಬಿಡುವುದಿಲ್ಲ. ಆದರೆ ತೆಪ್ಪಗೆ ಕಣ್ಣು ಮುಚ್ಚಿ ಮಲಗಿದ ಹಿರಿಯರನ್ನು ಎಬ್ಬಿಸಿ ವಾರ ಒಪ್ಪಿಸಿ ಎಂದರೆ, ಅದು ಅವಮಾನ ಮಾಡಿದಂತಲ್ಲವೇ?"

ಗುರುಗಳು ಕುರ್ಚಿ ತೋರಿಸಿದರು. ಅವಳು ಕೂತಳು. ಅವರು ಈ ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು, ನಡತೆ ಅದಕ್ಕಿಂತ ಒಳ್ಳೆಯದು. ಹಿರಿಯರು ಬಂದರೆ ಕೂತಲ್ಲಿಂದ ಏಳುವಂಥವನು. ಜನ ಅವನ ಔಷಧಿಯನ್ನು ಹೊಗಳುವ ಮೊದಲು ಅವನ ವಿನಯವನ್ನು ಹೊಗಳುತ್ತಿದ್ದರು.

ಒಂದು ಮಧ್ಯಾಹ್ನ ಅಲ್ಲಿಗೆ ಇಬ್ಬರು ಮುದುಕರು ಒಂದೇ ಹೊತ್ತಿಗೆ ಬಂದರು. ಒಬ್ಬ ವ್ಯಾಪಾರಿ, ಒಬ್ಬ ರೈತ.

ವ್ಯಾಪಾರಿಗೆ ಜ್ವರ ನೆತ್ತಿಗೇರಿತ್ತು. ದಾದಿಯನ್ನು ಕಳ್ಳಿ ಎಂದ. ಗೋಡೆಯ ಮೇಲೆ ಇರುವೆ ಸಾಲು ಹೊರಟಿದೆ, ದಾರಿ ಬಿಡಿ ಎಂದ. ಸತ್ತ ಹೆಂಡತಿಯನ್ನು ಹೆಸರು ಕೂಗಿ ಕರೆದ. ಅವನನ್ನು ಹಿಡಿದು ಮಲಗಿಸಲು ನಾಲ್ಕು ಜನ ಬೇಕಾಯಿತು. ಇದು ಸನ್ನಿ ಎಂದು ಬಾಗಿಲು ಕಾಯುವವನಿಗೂ ತಿಳಿಯಿತು. ರಕ್ತ ತೆಗೆದರು, ಮೂತ್ರ ನೋಡಿದರು, ನಂಜು ಎಲ್ಲಿದೆ ಎಂದು ಕಂಡುಹಿಡಿದು ಔಷಧಿ ಏರಿಸಿದರು. ಐದನೆಯ ದಿನ ವ್ಯಾಪಾರಿ ಎದ್ದು ಕೂತು, ನನ್ನ ಚಪ್ಪಲಿ ಯಾರು ತೆಗೆದಿಟ್ಟರು ಎಂದು ಗದರಿದ.

ರೈತ ಹೊಸ್ತಿಲು ಎಡವಿ ಬಿದ್ದು ಹುಬ್ಬು ಒಡೆದುಕೊಂಡಿದ್ದ. ಜೊತೆಗೆ ಮಗ ಬಂದಿದ್ದ. ರೈತ ಕೂಗಲಿಲ್ಲ. ಹೊಲಿಗೆ ಹಾಕುವಾಗ ಹಾ ಎನ್ನಲಿಲ್ಲ. ಕೇಳಿದ್ದಕ್ಕೆಲ್ಲ ಮೆಲ್ಲನೆ ತಲೆಯಾಡಿಸಿದ. ಬಾಯಿಂದ ಬರಬೇಕಾದ ಉತ್ತರಗಳನ್ನು ಮಗ ಕೊಟ್ಟ. ಮುದುಕನ ಮೈ ತುಸು ಬೆಚ್ಚಗಿತ್ತು. ಬಿಸಿಲಲ್ಲಿ ಬಂದಿದ್ದಾರೆ ಎಂದುಕೊಂಡ ವೈದ್ಯ. ಕಣ್ಣು ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ದಣಿದಿದ್ದಾರೆ ಎಂದುಕೊಂಡ. ಪಕ್ಕದ ಮಂಚದ ರಂಪಾಟದಲ್ಲಿ ಅಂಗಿ ಹರಿದುಕೊಂಡಿದ್ದ ಅವನಿಗೆ ಈ ಮುದುಕನ ಬಳಿ ನಿಂತರೆ ಹಾಯೆನಿಸಿತು. "ಇಂಥ ಹಿರಿಯರು ದಿನಕ್ಕೆ ನಾಲ್ಕು ಜನ ಬಂದರೆ ನಾವೂ ಬದುಕಿಕೊಳ್ಳುತ್ತೇವೆ" ಎಂದು ದಾದಿಗೆ ಹೇಳಿದ.

ವಾರ ಹೇಳಿಸುವ ಪದ್ಧತಿ ಅಲ್ಲಿಗೆ ಆಗತಾನೇ ಬಂದಿತ್ತು. ಮನೆಯವರನ್ನು ಬೇರೆ ಕರೆದು ಕೇಳುವ ಪದ್ಧತಿ ಇನ್ನೂ ಬಂದಿರಲಿಲ್ಲ. ವೈದ್ಯ ಕಾಗದ ಕೈಗೆತ್ತಿಕೊಂಡ. ಮುದುಕನ ಬಿಳಿ ಮೀಸೆ ನೋಡಿದ. ಮಂಚದ ಕಾಲ ಬಳಿ ಕೈಕಟ್ಟಿ ನಿಂತ ಮಗನನ್ನು ನೋಡಿದ. ಆ ಮಗನ ತಲೆಯೂ ನರೆತಿತ್ತು. ನರೆತ ಮಗನ ಮುಂದೆ ಅಪ್ಪನಿಂದ ಮಗ್ಗಿ ಒಪ್ಪಿಸಿಕೊಂಡಂತೆ ವಾರ ಒಪ್ಪಿಸಿಕೊಳ್ಳುವುದೇ? ನಾಲಿಗೆ ಏಳಲಿಲ್ಲ.

"ಹೇಗಿದ್ದೀರಿ, ಯಜಮಾನರೇ? ಒಂದು ದಿನ ಇದ್ದು ಹೋಗುತ್ತೀರಾ?" ಎಂದ.

ರೈತ ಕಣ್ಣು ತೆರೆದ. "ಮನೀಗೆ ಹೋಗಬೇಕ್ರಿ. ದನ ಕಟ್ಟಬೇಕು" ಎಂದ.

ಇಷ್ಟು ನೋವಿನಲ್ಲೂ ದನ ಮರೆತಿಲ್ಲ ಎಂದು ವೈದ್ಯನಿಗೆ ಮೆಚ್ಚುಗೆಯಾಯಿತು. ವಾರದ ಹೆಸರು ಹೇಳಿಸಬೇಕಾದ ಸಾಲಿನ ಎದುರು, ಬುದ್ಧಿ ಸ್ಥಿಮಿತದಲ್ಲಿದೆ ಎಂದು ಬರೆದ. ಮಗ ಒಮ್ಮೆ ತಲೆಯೆತ್ತಿದ, ಮತ್ತೆ ತಗ್ಗಿಸಿದ. ವೈದ್ಯ ಅದನ್ನು ಕಂಡ. ಏನಾದರೂ ಹೇಳುವುದಿದೆಯೇ ಎಂದು ಕೇಳಲಿಲ್ಲ.

ಆ ಮನೆಯಲ್ಲಿ ಹಿರಿಯನ ಮಾತಿಗೆ ಎದುರು ಮಾತಿರಲಿಲ್ಲ. ಹೋಗಬೇಕು ಎಂದ ಮೇಲೆ ಹೋಗುವುದೇ. ಮಗ ಸಹಿ ಹಾಕಿ, ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದ.

ಮರುದಿನ ಬೆಳಗಾಗುತ್ತಲೇ ಸೊಸೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಮಾವ ಹೊರಗೆ ಬಂದ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಸೊಸೆಗೆ ವಿಚಿತ್ರವೆನಿಸಿತು. ಆದರೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ತವರಿನಲ್ಲಿ ಕಲಿಸಿದ್ದರು. ಅದರಲ್ಲೂ ಮಾವನನ್ನು ಕೇಳುವುದುಂಟೇ? ಅವಳು ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟಳು. ಮುದುಕ ಇಪ್ಪತ್ತರ ಹುಡುಗನಂತೆ ಬಿರಬಿರನೆ ನಡೆದು ಹೋದ ಎಂದು ಆಮೇಲೆ ಹೇಳಿದಳು.

ಮಧ್ಯಾಹ್ನ ಮಗ ಆಸ್ಪತ್ರೆಗೆ ಓಡಿ ಬಂದ.

"ನಮ್ಮಪ್ಪ ಇಲ್ಲಿಗೇನಾರ ಬಂದಾನೇನ್ರಿ?"

"ಇಲ್ಲವಲ್ಲ. ದನದ ಹಿಂದೆ ಹೋಗಿರಬೇಕು, ನೋಡಿ" ಎಂದ ವೈದ್ಯ.

"ದನ ಎಲ್ಲಿವ್ರಿ? ಮಾರಿ ಮೂವತ್ತು ವರ್ಷ ಆತು."

ವೈದ್ಯ ಕೂತಲ್ಲಿಂದ ಎದ್ದ. "ನಿನ್ನೆ ಅವರು ದನ ಅಂದಾಗ ನೀವು ಅಲ್ಲೇ ನಿಂತಿದ್ದಿರಿ. ಯಾಕೆ ಹೇಳಲಿಲ್ಲ?"

"ನಾಲ್ಕು ಮಂದಿ ಮುಂದ ಅಪ್ಪನ ಮಾತು ಹೆಂಗ ಸುಳ್ಳು ಮಾಡ್ಲಿ ಸಾರ್?" ಎಂದ ಮಗ. "ನೀವು ಡಾಕ್ಟರು. ನೀವಾದ್ರೂ ಕೇಳ್ತೀರಿ ಅಂತ ಮಾಡಿದ್ದೆ."

ಮಗ ಹುಡುಕಲು ಹೋದ. ವೈದ್ಯ ಹಿಂದಿನ ದಿನದ ಕಾಗದ ತೆಗೆಸಿದ. ಜ್ವರ ಅಳೆದಿರಲಿಲ್ಲ. ಮೂತ್ರ ನೋಡಿರಲಿಲ್ಲ. ಹೊಸ್ತಿಲು ಎಡವಿದ್ದು ಯಾಕೆ ಎಂದು ಕೇಳಿರಲಿಲ್ಲ. ವ್ಯಾಪಾರಿಗೆ ಬಂದ ಸನ್ನಿಯೇ ರೈತನಿಗೂ ಬಂದಿತ್ತು. ಒಬ್ಬನಲ್ಲಿ ಅದು ಕೂಗಿತು, ಇನ್ನೊಬ್ಬನಲ್ಲಿ ತಲೆಯಾಡಿಸಿತು. ಕೂಗಿದವನು ಪಕ್ಕದ ಮಂಚದಲ್ಲಿ ಔಷಧಿ ಏರಿಸಿಕೊಂಡು ಇನ್ನೂ ಬೈಯುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಇಂದುಮತಿ ಕಾದಳು. ಕತೆ ಮುಗಿಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಹೊರಗೆ ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು. ಅವಳು ಎದ್ದಳು, ಬಾಗಿಲವರೆಗೆ ಹೋದಳು, ತಿರುಗಿ ನಿಂತಳು.

"ಆ ಮುದುಕ ಎಲ್ಲಿಗೆ ಹೋದ, ಗುರುಗಳೇ?"

"ಮೂರನೆಯ ದಿನ ಹೆಣ ಅಣೆಕಟ್ಟೆಯ ಹಿನ್ನೀರಿನಲ್ಲಿ ಸಿಕ್ಕಿತು, ತಾಯಿ, ದನ ಮಾರಿದ ವರ್ಷ ಅವನ ಹಳೆಯ ಮನೆ ಮುಳುಗಿದ್ದು ಅಲ್ಲಿಯೇ, ಮುದುಕ ದಾರಿ ತಪ್ಪಿರಲಿಲ್ಲ."