ಶೇಂಗಾ ಮಣ್ಣೊಳಗೆ ಹೋದದ್ದು

ಜಗತ್ತು ಇನ್ನೂ ಹೊಸದಾಗಿತ್ತು. ಹೊಳೆಗಳು ದಾರಿ ಹುಡುಕುತ್ತಿದ್ದವು, ಗಿಡಗಳು ಮಾತಾಡುತ್ತಿದ್ದವು. ಆಗ ಶೇಂಗಾ ಕಾಯಿ ಅವರೆಕಾಯಿಯ ಹಾಗೆ ಕೊಂಬೆಯಲ್ಲೇ ಬಿಡುತ್ತಿತ್ತು.

ಆ ಕಾಲದ ಒಂದು ಶಾಲೆಯಲ್ಲಿ ನೀಲವ್ವ ಅಕ್ಕೋರು ಮಕ್ಕಳಿಗೆ ತೋಟದ ಕೆಲಸ ಕಲಿಸುತ್ತಿದ್ದರು. ಕಲಿಸಿ ಕಲಿಸಿ ಅವರಿಗೆ ಸಾಕುಸಾಕಾಗಿತ್ತು. ನೀರು ಹಾಕಿ ಎಂದರೆ ಮಕ್ಕಳು ಕೆಸರು ಮಾಡಿ ಕುಣಿಯುತ್ತಿದ್ದರು. ಕಳೆ ಕೀಳಿ ಎಂದರೆ ಗಿಡವನ್ನೇ ಕೀಳುತ್ತಿದ್ದರು. ಕಾಯಿ ಬಿಟ್ಟರಂತೂ ಮುಗಿಯಿತು, ಒಳಗೆ ಕಾಳು ಬಂತೇ ಎಂದು ದಿನಾ ಸುಲಿದು ನೋಡುತ್ತಿದ್ದರು.

ತೋಟದ ಹನ್ನೆರಡು ಶೇಂಗಾ ಗಿಡಗಳಲ್ಲಿ ಉಳಿದದ್ದು ಒಂದೇ. ಬೇರೆಲ್ಲೂ ಶೇಂಗಾ ಇರಲಿಲ್ಲ. ಅದರ ಎಳೆಗಾಯಿಗಳನ್ನೂ ಎಲ್ಲರಿಗಿಂತ ಚಿಕ್ಕವಳಾದ ಶಾವಂತ್ರಿ ಸುಲಿದುಬಿಟ್ಟಳು.

"ಕಾಳು ಆಗ್ಯಾವೇನು ಅಂತ ನೋಡಿದೆ, ಅಕ್ಕೋರೇ," ಎಂದಳು.

"ನೋಡೂದಾತು. ಇನ್ನ ಬಿತ್ತೂದು ಏನನ್ನ?" ಎಂದರು ಅಕ್ಕೋರು.

ಮಕ್ಕಳು ಮನೆಗೆ ಹೋದ ಮೇಲೆ ಅಕ್ಕೋರು ಗಿಡದ ಪಕ್ಕ ಕುಳಿತರು. ತನಗೂ ಸಾಕಾಗಿದೆ ಎಂದಿತು ಗಿಡ. ಉಳಿದಿರುವುದು ಐದೇ ಹೂವು, ಅವುಗಳ ಕಾಯಿಗಳನ್ನು ಎಲ್ಲಿ ಬಚ್ಚಿಡಲಿ ಎಂದು ಕೇಳಿತು.

"ನನ್ನ ಕಡೆ ಕೊಡು," ಎಂದಿತು ಕೆಳಗಿದ್ದ ಮಣ್ಣು. "ಆದರ ನಾ ಸಡಿಲ ಇರಬೇಕು. ಈ ಹುಡುಗರು ತುಳಿದು ತುಳಿದು ನನ್ನ ಕಲ್ಲು ಮಾಡ್ಯಾರ."

ಹೂವು ಬಾಡಿದಲ್ಲೆಲ್ಲ ಒಂದೊಂದು ಹಸಿರು ಕಡ್ಡಿ ಮೂಡಿತು. ಕಡ್ಡಿಗಳು ಬಾಗಿ ಬಾಗಿ ನೆಲ ಮುಟ್ಟಿದವು, ಆದರೆ ಒಳಗಿಳಿಯಲಾರದೆ ನಿಂತವು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಶಾವಂತ್ರಿ ತಾನಾಗಿಯೇ ಬಂದು ಗಿಡದ ಮುಂದೆ ಕುಳಿತಳು. ಮಾಡಿದ ತಪ್ಪು ಅವಳನ್ನು ಚುಚ್ಚುತ್ತಿತ್ತು. ಕಡ್ಡಿಗಳು ಗಟ್ಟಿ ನೆಲಕ್ಕೆ ತಾಗಿ ನಿಂತದ್ದನ್ನು ಕಂಡು, ನೀರು ಚಿಮುಕಿಸಿ, ಬೆರಳಿನಿಂದ ಹೆಂಟೆ ಪುಡಿಮಾಡಿ, ಗಿಡದ ಬುಡಕ್ಕೆ ಮಣ್ಣು ಏರಿಸಿದಳು. ಮೊಣಕೈವರೆಗೂ ಕೆಸರು, ಮೂಗಿಗೂ ಕೆಸರು. ಬೈಯಲೆಂದೇ ಬಂದ ಅಕ್ಕೋರು, ಕಡ್ಡಿಗಳು ಮೆಲ್ಲಗೆ ಮಣ್ಣೊಳಗೆ ಸರಿಯುವುದನ್ನು ಕಂಡು ಅವಳ ಪಕ್ಕದಲ್ಲಿ ಕುಳಿತರು.

ಅವಳು ದಿನಾ ಮಣ್ಣು ಏರಿಸಿದಳು. ಕೊಂಬೆಯಲ್ಲಿ ಒಂದು ಕಾಯಿಯೂ ಕಾಣಲಿಲ್ಲ, ಆದರೂ ಬಿಡಲಿಲ್ಲ. ಎರಡು ತಿಂಗಳಿಗೆ ಎಲೆ ಹಳದಿಯಾದಾಗ ಗಿಡ ಸತ್ತಿತು ಎಂದು ಅತ್ತಳು. ಅಕ್ಕೋರು ಅವಳ ಕಣ್ಣೊರೆಸಿ, ಈಗ ಕೀಳು ಎಂದರು. ಇಷ್ಟು ದಿನ ಕೀಳಬೇಡ ಎಂದವರು ಕೀಳು ಎನ್ನುತ್ತಾರಲ್ಲ ಎಂದು ಶಾವಂತ್ರಿ ಪಿಳಿಪಿಳಿ ನೋಡಿದಳು. ಆಮೇಲೆ ಎರಡೂ ಕೈಯಿಂದ ಎಳೆದಳು.

ಗಿಡದ ಬುಡದಲ್ಲಿ ಐದು ಕಾಯಿ ನೇತಾಡಿದವು.

ಅವಳು ಬಹಳ ಹೊತ್ತು ಅವನ್ನು ಮುಟ್ಟದೆ ನೋಡಿದಳು. ಕೊನೆಗೆ, "ಒಂದು ಸುಲೀಲೇನ್ರಿ?" ಎಂದಳು.

ಅಕ್ಕೋರು ನಿಟ್ಟುಸಿರು ಬಿಟ್ಟರು. "ಒಂದ. ಒಂದ ಮಾತ್ರ."

ಉಳಿದ ನಾಲ್ಕನ್ನು ಬಿತ್ತಿದರು. ಅದಕ್ಕೇ ಇವತ್ತಿಗೂ ಶೇಂಗಾ ಹೂವು ಬಿಸಿಲಲ್ಲಿ ಅರಳುತ್ತದೆ, ಕಾಯಿ ಮಾತ್ರ ಮಣ್ಣೊಳಗೆ ಕಟ್ಟುತ್ತದೆ. ನೋಡಬೇಕೆಂದರೆ ನೀವೂ ಕೈ ಹೊಲಸು ಮಾಡಿಕೊಳ್ಳಲೇಬೇಕು.