ಕೃತ್ತಿಕೆ ಬಿಸಿಲಲ್ಲಿ ಆಲಿಕಲ್ಲು ಮಾರಿದ ಬರಮವ್ವ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬೀಳದ ಕಾಲದಲ್ಲಿ, ಕರಿಮಣ್ಣಿನ ಬಯಲಲ್ಲಿ ಒಂದು ಊರಿತ್ತಂತೆ, ಆ ಊರಿಗೊಬ್ಬ ದೊರೆ ಇದ್ದನಂತೆ. ದೊರೆ ಅಂದ್ರೆ ಕಿರೀಟ ಇಟ್ಕೊಂಡೋನಲ್ಲ ಕೂಸೇ, ನಾಕು ಊರಿನೋರು ಬೆಳೆದ ಜೋಳ ತನ್ನದು ಅಂತ ಹೇಳೋ ಧೈರ್ಯ ಇದ್ದೋನು, ಅಷ್ಟೆ. ಆ ಜೋಳವನ್ನೆಲ್ಲ ಅವನು ಹಗೇವಿನಲ್ಲಿ ತುಂಬಿಸಿಡ್ತಿದ್ದನಂತೆ.

ಹಗೇವು ಅಂದ್ರೆ ಏನಜ್ಜಿ ಅಂತೀಯಾ? ನಿಂಗೆ ಹೇಗೆ ಗೊತ್ತಾಗಬೇಕು ಪಾಪ, ಎಲ್ಲ ಮುಚ್ಚಿ ರಸ್ತೆ ಮಾಡಿದ್ರು. ನೆಲದೊಳಗೆ ಕೊಡದ ಹೊಟ್ಟೆ ಹಾಗೆ ಅಗೆದ ಗುಂಡಿ ಅದು, ಮೇಲೆ ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಬಾಯಿಗೊಂದು ಚಪ್ಪಡಿ ಕಲ್ಲು, ಕಲ್ಲಿನ ಸುತ್ತ ಮಣ್ಣು ಮೆತ್ತಿದ್ರೆ ಜೋಳ ವರ್ಷಗಟ್ಟಲೆ ಕೆಡ್ತಿರಲಿಲ್ಲ. ನಾನು ಚಿಕ್ಕೋಳಿದ್ದಾಗ ನಮ್ಮ ಬೀದಿ ತುಂಬ ಹಗೇವಿದ್ವು, ಅವುಗಳ ಮೇಲೇ ಕುಂಟಬಿಲ್ಲೆ ಆಡ್ತಿದ್ವಿ, ಕಾಲ ಕೆಳಗೆ ಡಬ್ ಡಬ್ ಅಂತ ಸದ್ದು ಬರೋದು, ಆ ಸದ್ದು ಈಗಲೂ ನನ್ನ ಅಂಗಾಲಲ್ಲಿದೆ.

ಜೋಳ ಕೆಡೋದಿಲ್ಲ ಸರಿ, ಒಳಗಿನ ಗಾಳಿ ಕೆಡ್ತದೆ. ಅದಕ್ಕೆ ಕಲ್ಲು ತೆಗೆದು ಒಂದು ಹಗಲು ಹಾಗೇ ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಆರದೆ ಉರಿದ್ರೆ ಮಾತ್ರ ಮನುಷ್ಯ ಇಳೀಬೇಕು. ಹಾಗೆ ಇಳಿಯೋನು ಹುಲಿಗೆಪ್ಪ, ನಮ್ಮ ಕತೆಯ ಬರಮವ್ವನ ಗಂಡ. ಒಂದು ದಿನ ದೊರೆ ಮನೆಗೆ ನೆಂಟರು ಬಂದರಂತೆ, ಜೋಳ ಈಗಲೇ ಬೇಕು, ದೀಪಗೀಪ ಏನೂ ಬೇಡ, ಇಳಿಯೋ ಅಂತ ದೊರೆ ಅಂದನಂತೆ. ಇಳಿದ. ಮೇಲಕ್ಕೆ ಬಂದಿದ್ದು ಹೆಣ. ನೆಂಟರು ಉಂಡು ಎಲೆ ಅಡಿಕೆ ಹಾಕ್ಕೊಂಡು ಗಾಡಿ ಹತ್ತಿದರಂತೆ, ಬರಮವ್ವನಿಗೆ ಸಿಕ್ಕಿದ್ದು ಒಂದು ಮೊರ ಜೋಳ.

ಆಮೇಲೆ ದೊರೆ ಕಡೆಯ ಆಳು ಬಂದು, ಏ ಬರಮಿ, ಹಗೇವು ಇಳಿಯೋದು ನಿಮ್ಮ ಮನೆತನದ ಕೆಲಸ, ಮೂರು ಗಂಡುಮಕ್ಕಳದಾರಲ್ಲ ಕಳಿಸು ಅಂದನಂತೆ. ದೊಡ್ಡೋನು ಕೆಂಚ, ನಡುವಿನೋನು ಮೈಲಾರಿ, ಕಿರಿಯೋನು ಚೌಡ. ಬರಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಸೀದಾ ದೊರೆ ಅಂಗಳಕ್ಕೆ ನಡೆದಳಂತೆ, ಅವಳು ಹೋಗೋದಕ್ಕೂ ಆಕಾಶ ಕಪ್ಪಾಗಿ ಪಟಪಟ ಆಲಿಕಲ್ಲು ಸುರಿಯೋದಕ್ಕೂ ಸರಿಹೋಯಿತಂತೆ. ಯುಗಾದಿ ಕಳೆದ ಹೊಸದು, ರೇವತಿ ಮಳೆ. ದೊರೆ ಜಗಲಿ ಮೇಲೆ ಕೂತು ಆಲಿಕಲ್ಲು ಬಾಯಿಗೆ ಹಾಕ್ಕೊಂಡು ಕಟುಂ ಕಟುಂ ಕಡೀತಿದ್ದನಂತೆ.

ನನ್ನ ಮಕ್ಕಳು ಇಳಿಯೋದಿಲ್ಲ ಧಣಿ, ಅಂದಳು.

ದೊರೆಗೆ ಒಂದು ತಮಾಷೆ ಹೊಳೀತಂತೆ. ಅಂಗೈ ಚಾಚಿ, ನೋಡೇ ಇದು ಹೆಂಗೆ ಕರಗ್ತೈತೆ, ಇದನ್ನ ಕೃತ್ತಿಕೆ ಬಿಸಿಲಲ್ಲಿ ತಂದು ಈ ಅಂಗೈಗೆ ಇಡು, ನಿನ್ನ ಮೂರೂ ಮಕ್ಕಳನ್ನ ಬಿಟ್ಟೆ, ಮೂರು ಬೇಸಿಗೆ ಕೊಡ್ತೀನಿ, ತರದ ಬೇಸಿಗೆಗೆ ಒಬ್ಬೊಬ್ಬ ಮಗ ಹಗೇವು ಇಳೀಬೇಕು ಅಂದನಂತೆ. ರೇವತಿಯಿಂದ ಕೃತ್ತಿಕೆಗೆ ಒಂದೂವರೆ ತಿಂಗಳು, ಕೃತ್ತಿಕೆ ಅಂದ್ರೆ ಕಾಗೆ ಕೂಡ ಬಾಯಿ ತೆರ್ಕೊಂಡು ಕೂರೋ ಬಿಸಿಲು. ಜಗಲಿ ಮೇಲಿದ್ದೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಬರಮವ್ವ ನಗಲೂ ಇಲ್ಲ, ಅಳಲೂ ಇಲ್ಲ, ಆಗಲಿ ಧಣಿ ಅಂದಳಂತೆ.

ಆಮೇಲೆ ಮನೆಗೆ ಓಡಿ, ಮೊರ, ಬುಟ್ಟಿ, ಪೊರಕೆ, ಕೈಗೆ ಸಿಕ್ಕಿದ್ದೆಲ್ಲ ತಗೊಂಡು ಮಕ್ಕಳ ಜತೆ ಆಲಿಕಲ್ಲು ಬಳಿದು ಬಳಿದು, ಹಿತ್ತಿಲಲ್ಲಿ ಹಾಳುಬಿದ್ದಿದ್ದ ಒಂದು ಹಗೇವಿಗೆ ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತಿದಳಂತೆ. ಪಕ್ಕದ ಮನೆ ತಿಪ್ಪಕ್ಕ, ಊರೆಲ್ಲ ಬೆಳೆ ಹೋಯ್ತು ಅಂತ ಎದೆ ಬಡ್ಕೊಳ್ತಿದ್ರೆ ಇವಳಿಗೆ ಆಲಿಕಲ್ಲಿನ ಸುಗ್ಗಿ ನೋಡ್ರೇ ಅಂತ ಕೂಗಿ ಹಂಗಿಸಿದಳಂತೆ. ಕೃತ್ತಿಕೆ ಬಂತು, ಕಲ್ಲು ಎತ್ತಿ ನೋಡಿದ್ರೆ ಮೊಣಕಾಲುದ್ದ ಕೆಸರುನೀರು, ಅದರಲ್ಲೊಂದು ಕಪ್ಪೆ ಕೂತ್ಕೊಂಡು ಇವಳನ್ನೇ ನೋಡ್ತಿತ್ತಂತೆ. ಕೆಂಚ ದೊರೆಯ ಹಗೇವು ಇಳಿಯೋಕೆ ಹೋದ.

ಬರಮವ್ವ ಯೋಚನೆ ಮಾಡಿದಳಂತೆ. ಕರಗಿದ ನೀರು ಕೆಳಗೆ ನಿಂತು ಉಳಿದದ್ದನ್ನೂ ತಿಂದುಬಿಡ್ತು. ಮಾರನೆ ವರ್ಷ ಹಗೇವಿನ ತಳದಲ್ಲಿ ಇನ್ನೊಂದು ಗುಂಡಿ ತೋಡಿ ಹರಳುಕಲ್ಲು ತುಂಬಿದಳು, ನೀರು ಇಳಿದು ಹೋಗಲಿ ಅಂತ. ಮೇಲೆ ನವಣೆ ಹೊಟ್ಟಿನ ಹಾಸಿಗೆ, ಅದರ ಮೇಲೆ ಆಲಿಕಲ್ಲು ಹಾಕಿ ಒನಕೆಯಿಂದ ಕುಟ್ಟಿ ಕುಟ್ಟಿ ಒಂದೇ ಗಟ್ಟಿ ಮಾಡಿ, ಮೇಲೆ ಮತ್ತೆ ಹೊಟ್ಟು. ಕೃತ್ತಿಕೆ ಬಂತು, ಬೆಳಗ್ಗೆ ಕಲ್ಲು ಎತ್ತಿದ್ರೆ ಮುಖಕ್ಕೆ ತಣ್ಣನೆ ಉಸಿರು ಬಡೀತಂತೆ. ಐತೆ! ಮೈಲಾರಿ ಕುಣಿದು, ಅವ್ವಾ ಇಳೀತೀನಿ ಅಂತ ಕಾಲು ಒಳಗೆ ಹಾಕಿದನಂತೆ. ಬರಮವ್ವ ಅವನ ಜುಟ್ಟು ಹಿಡಿದು ಎಳೆದಳು. ನಿಮ್ಮಪ್ಪನೂ ಹಿಂಗೇ ಇಳಿದ, ಒಂದು ಹಗಲು ಕಳೀಲಿ, ದೀಪ ಉರೀಲಿ ಅಂದಳು. ಹಗಲೆಲ್ಲ ಹಗೇವು ಬಾಯಿ ತೆರ್ಕೊಂಡು ಬಿಸಿಗಾಳಿ ಕುಡೀತು. ಹೊತ್ತು ಮುಳುಗುವಾಗ ದೀಪ ಇಳಿಬಿಟ್ರೆ ದೀಪ ಚೆನ್ನಾಗೇ ಉರೀತಂತೆ, ಆದರೆ ಅದರ ಬೆಳಕಲ್ಲಿ ಕಂಡಿದ್ದು ಒದ್ದೆ ಹೊಟ್ಟು ಮಾತ್ರ. ಮಗನ ಉಸಿರು ಉಳಿಸೋಕೆ ಹೋಗಿ ಆಲಿಕಲ್ಲು ಕಳ್ಕೊಂಡಳು, ಆಲಿಕಲ್ಲು ಹೋಗಿದ್ದಕ್ಕೆ ಅದೇ ಮಗ ಹಗೇವಿಗೆ ಹೋದ. ನ್ಯಾಯ ಹೇಗಿದೆ ನೋಡು ಮಗಾ.

ಮೂರನೇ ವರ್ಷ ಒಂದು ದಿನ ಮೈಲಾರಿಯನ್ನ ದೊರೆಯ ಹಗೇವಿನಿಂದ ಎಳೆದು ಹಾಕಿದಾಗ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತಂತೆ, ಕೆಂಚ ಎದೆ ತಿಕ್ಕಿ ತಿಕ್ಕಿ ಉಸಿರು ಬರಿಸಿದನಂತೆ. ಅವನ ಬಾಯಿಗೆ ನೀರು ಬಿಡೋಣ ಅಂತ ಬರಮವ್ವ ಬಾವಿಗೆ ಓಡಿ ಕೊಡ ಇಳಿಬಿಟ್ಟು ಸೇದ್ತಾ ಇದ್ದಾಳೆ, ಸೇದ್ತಾ ಸೇದ್ತಾ ಕೈ ಹಂಗೇ ನಿಂತುಬಿಡ್ತಂತೆ. ನೀರು ಬೇಕು ಅಂತ ಯಾರಾದ್ರೂ ಬಾವಿಗೆ ಇಳೀತಾರಾ? ಹಗ್ಗ ಇಳೀತದೆ, ಕೊಡ ಬರ್ತದೆ. ಥೂ ನನ್ನ ಬುದ್ಧಿಗಿಷ್ಟು ಅಂತ ತಲೆ ಚಚ್ಕೊಂಡು ನಕ್ಕಳಂತೆ.

ಆ ರೇವತಿಗೆ ಆಲಿಕಲ್ಲು ಬೀಳೋ ಹೊತ್ತಿಗೆ ಅವಳ ಹತ್ತಿರ ಬುಟ್ಟಿಗಳು ಸಿದ್ಧ ಇದ್ವಂತೆ, ಪ್ರತಿ ಬುಟ್ಟಿಗೂ ಪುಂಡಿನಾರಿನ ಹಗ್ಗ. ತಿಪ್ಪಕ್ಕ ಬೇಲಿ ಹತ್ತಿರ ಬಂದು, ಈ ಸಲನೂ ಕಪ್ಪೆ ಸಾಕ್ತೀಯೇನೇ ಅಂದಳು. ಕಪ್ಪೆಗೆ ಜೊತೆ ಬೇಕಂತೆ, ನೀನೂ ಬಾ ಅಂದಳು ಬರಮವ್ವ. ತಿಪ್ಪಕ್ಕ ಬೈಕೊಂಡು ಹೋದೋಳು, ಆಮೇಲೆ ತಾನೇ ಒಂದು ಹರಕು ಕಂಬಳಿ ತಂದು ಕೊಟ್ಟಳಂತೆ. ಆಲಿಕಲ್ಲು ಬುಟ್ಟಿಗೆ ಕುಟ್ಟಿ ತುಂಬಿ, ಕಂಬಳಿ ಚೂರು ಸುತ್ತಿ, ಮೇಲೆ ನಿಂತೇ ಒಂದೊಂದಾಗಿ ಇಳಿಬಿಟ್ಟು, ಹೊಟ್ಟು ಸುರಿದು, ಹಗ್ಗದ ತುದಿಗಳನ್ನ ಹೊರಗೆ ಬಿಟ್ಟು ಕಲ್ಲು ಮುಚ್ಚಿದಳು.

ಕೃತ್ತಿಕೆ ಬಂತು. ಊರಿನ ಸಂತೆ ದಿನ. ನಸುಕಿನಲ್ಲಿ ಕಲ್ಲನ್ನ ಬುಟ್ಟಿ ತೂರುವಷ್ಟು ಮಾತ್ರ ಸರಿಸಿ, ಒಳಗೆ ಇಣುಕಿಯೂ ನೋಡದೆ, ಬರಮವ್ವನೂ ಚೌಡನೂ ಹಗ್ಗ ಜಗ್ಗಿದರಂತೆ. ಮೊದಲನೆ ಬುಟ್ಟಿ ಗಾಳಿಯಷ್ಟು ಹಗುರ, ಬರೀ ಒದ್ದೆ ಕಂಬಳಿ. ಎರಡನೇದೂ ಹಗುರ. ಚೌಡನ ಕಣ್ಣಲ್ಲಿ ನೀರು ಬಂತು, ಅವ್ವಾ, ನಾನು ಹೋಗ್ತೀನಿ ಬಿಡು ಅಂದನಂತೆ. ಬಾಯಿ ಮುಚ್ಕೊಂಡು ಜಗ್ಗು ಅಂದಳು. ಮೂರನೇ ಹಗ್ಗ ಜಗ್ಗಿದ್ರೆ ಬರಲೇ ಇಲ್ಲ! ಇಬ್ಬರೂ ಕಾಲು ಊರಿ ಜಗ್ಗಿದ ಮೇಲೆ ಹೊಟ್ಟು ಸೀಳ್ಕೊಂಡು ಮೇಲೆ ಬಂತಂತೆ, ಬುಟ್ಟಿ ತುಂಬ ಗಟ್ಟಿ ಆಲಿಕಲ್ಲು, ಬೆಳ್ಳಗೆ, ಹೊಗೆ ಆಡ್ತಾ.

ದೊರೆ ಮನೆಗೆ ನೆಟ್ಟಗೆ ಹೋಗಲಿಲ್ಲ ಅವಳು. ಒಬ್ಬಳೇ ಹೋದ್ರೆ ಅವನು ನೋಡೇ ಇಲ್ಲ ಅಂದಾನು ಅಂತ ಗೊತ್ತಿತ್ತು. ಬುಟ್ಟಿ ತಲೆ ಮೇಲೆ ಹೊತ್ತು ಸಂತೆ ಬೇವಿನ ಮರದ ಕೆಳಗೆ ಇಳಿಸಿ, ಬೇಲದ ಹಣ್ಣಿನ ಪಾನಕ ಮಾಡಿ, ಅದಕ್ಕೆ ಆಲಿಕಲ್ಲು ಹಾಕಿ ಹಾಕಿ ಕೊಟ್ಟಳಂತೆ. ಮೊದಲು ಕುಡಿದೋನು ಹಲ್ಲಿಲ್ಲದ ಒಬ್ಬ ಮುದುಕ, ಆಲಿಕಲ್ಲು ನಾಲಿಗೆಗೆ ತಾಕಿದ್ದೇ, ಅಯ್ಯಯ್ಯೋ ಸುಡ್ತೈತೆ ಕಣೇ ಅಂತ ಕಿರುಚಿದನಂತೆ. ಸಂತೆ ಸಂತೆಯೇ ಬಂದು ಮುತ್ತಿತು. ಒಬ್ಬಳು ಹಿಡಿ ಮೆಣಸಿನಕಾಯಿ ಕೊಟ್ಟು ಕುಡಿದಳು, ಒಬ್ಬ ಬೆಲ್ಲ ಕೊಟ್ಟ, ಜ್ವರದ ಕೂಸು ಎತ್ಕೊಂಡು ಬಂದೋಳಿಗೆ ಬರಮವ್ವ ಸುಮ್ಮನೆ ಕೊಟ್ಟಳು. ಕೃತ್ತಿಕೆ ಬಿಸಿಲಲ್ಲಿ ರೇವತಿ ಮಳೆಯ ವಾಸನೆ ಬಂತಂತೆ ಮಗಾ, ದೊಡ್ಡೋರೆಲ್ಲ ಮಕ್ಕಳಾಗಿಬಿಟ್ಟರಂತೆ.

ಗದ್ದಲ ಕೇಳಿ ದೊರೆ ಕೊಡೆ ಹಿಡಿಸ್ಕೊಂಡು ಬಂದ. ಬರಮವ್ವ ಅವನ ಅಂಗೈಗೆ ಒಂದು ಗಟ್ಟಿ ಇಟ್ಟಳು. ತಗೊಳ್ಳಿ ಧಣಿ, ನನ್ನ ಮಕ್ಕಳನ್ನ ಕೊಡಿ. ದೊರೆ ಮುಖ ಸಣ್ಣದಾಯಿತಂತೆ, ಆಮೇಲೆ ಗಂಟಲು ಸರಿ ಮಾಡ್ಕೊಂಡು, ಆಕಾಶದಿಂದ ನನ್ನ ನೆಲಕ್ಕೆ ಬಿದ್ದಿದ್ದೆಲ್ಲ ನಂದು, ನನ್ನ ಮಾಲು ನನಗೇ ಕೊಟ್ರೆ ಕೊಟ್ಟ ಹಾಗಾ ಅಂದನಂತೆ.

ಬರಮವ್ವ ಸೊಂಟಕ್ಕೆ ಕೈ ಇಟ್ಟಳು. ಆಗಲಿ ಧಣಿ, ಆಲಿಕಲ್ಲು ನಿಮ್ಮದೇ. ಮೂರು ವರ್ಷದಿಂದ ನಮ್ಮ ಹೊಲ ಬಡಿದು ಮಲಗಿಸಿದ್ದೂ ಇದೇ ಆಲಿಕಲ್ಲು. ಬಡಿದಿದ್ದು ನಿಮ್ಮದಾದ ಮೇಲೆ ಹಾಳಾಗಿದ್ದನ್ನೂ ನೀವೇ ತುಂಬಿಕೊಡಿ, ಅಂದಳಂತೆ.

ಹಿಂದಿನಿಂದ ತಿಪ್ಪಕ್ಕನ ಧ್ವನಿ, ಹೌದು ಮತ್ತೆ, ನನ್ನ ಹೊಲಾನೂ ತುಂಬಿಕೊಡ್ಲಿ! ನಂದೂ, ನಂದೂ ಅಂತ ಮೂಲೆ ಮೂಲೆಯಿಂದ ಶುರುವಾಯ್ತಂತೆ. ದೊರೆ ಕೈಯಲ್ಲಿ ಆಲಿಕಲ್ಲು ಕರಗಿ ಮೊಣಕೈಗೆ ಇಳೀತಿತ್ತು. ಆಕಾಶದ್ದು ಆಕಾಶದ್ದೇ, ನಿನ್ನ ಮಕ್ಕಳನ್ನ ಕರ್ಕೊಂಡು ಹೋಗು ಅಂದವನೇ ತಿರುಗಿ ನಡೆದುಬಿಟ್ಟನಂತೆ.

ಆಮೇಲೆ ದೊರೆ ಹಗೇವು ಇಳಿಯೋಕೆ ಬೇರೆ ಯಾರನ್ನ ಕರೆದ್ರೂ ಎಲ್ಲರೂ ಒಂದೇ ಮಾತು ಅಂದರಂತೆ, ಒಂದು ಹಗಲು ತೆರೆದಿಡಿ, ದೀಪ ಉರೀಲಿ, ಅವಸರ ಇದ್ರೆ ನೀವೇ ಇಳೀರಿ. ಇವರ ಮನೇಲಿ ಕೆಂಚ ಹೊಸ ಹಗೇವು ತೋಡಿದ, ಮೈಲಾರಿ ಹಗ್ಗ ಹೊಸೆದ, ಚೌಡ ಊರೂರ ಸಂತೆಗೆ ಆಲಿಕಲ್ಲು ಹೊತ್ತ. ಕೇಳಿದೋರಿಗೆಲ್ಲ ಬರಮವ್ವ ಆ ಕೆಲಸ ಕಲಿಸಿಕೊಟ್ಟಳು, ಒಂದೇ ಮಾತು ಕೇಳ್ತಿದ್ದಳಂತೆ, ಒಳಗೆ ಯಾರನ್ನೂ ಇಳಿಸಬೇಡಿ.

ನಾನು ನಿನ್ನಷ್ಟಿದ್ದಾಗ ಆ ಹಗೇವಿನ ಕಲ್ಲು ಇನ್ನೂ ಇತ್ತು. ಬಿರುಬಿಸಿಲಲ್ಲಿ ಕೆನ್ನೆ ಇಟ್ರೆ ತಣ್ಣಗಿರೋದು. ಈಗ ಅಲ್ಲೂ ರಸ್ತೆ. ಕಣ್ಣು ಮುಚ್ಚು, ಕೆನ್ನೆ ಇಲ್ಲಿ ನನ್ನ ಕೈ ಮೇಲಿಡು. ತಣ್ಣಗಿದೆಯಾ? ಹೂಂ. ಬುಟ್ಟಿ ಮೇಲೆ ಬಂತು, ಮಕ್ಕಳು ಮನೆಗೆ ಬಂದ್ರು, ಅಲ್ಲಿಗೆ ಕತೆ ಮುಗೀತು.